ಕಣ್ಣು ಮುಚ್ಚಿ ಕೊಟ್ಟ ತೀರ್ಪು

ಹೆಸರು: ಬೀದಿಯವರೆಲ್ಲ ಕರೆಯುವಂತೆ ಗಂಟೆ ಮೇಷ್ಟ್ರು. ವಯಸ್ಸು: 68. ಕಸುಬು: ನಾಟಕ ಕಂಪನಿಯಲ್ಲಿ ಮೂವತ್ತೊಂದು ವರ್ಷ ರಾಜನ ಪಾತ್ರ, ಈಗ ಅಭಿನಯದ ಪಾಠ. ವಾಸ: ಹಳೇ ಅಂಚೆ ಕಚೇರಿಯ ಹಿಂದಿನ ಬೀದಿ, ಟೈಲರ್ ಅಂಗಡಿಯ ಮೇಲಿನ ಕೋಣೆ.

ಯಾರೂ ಕರೆಯದಿದ್ದರೂ ನಾನಾಗಿ ಠಾಣೆಗೆ ನಡೆದು ಬಂದು ಬರೆಸುವುದೇನೆಂದರೆ:

ಪಾತ್ರಕ್ಕೆ ಜನರನ್ನು ಆರಿಸುವಾಗ ನಾನು ಕಣ್ಣು ಮುಚ್ಚಿ ಕೇಳುವವನು. ಮುಖಕ್ಕೆ ಬಣ್ಣ ಬಳಿಯಬಹುದು, ದನಿಗೆ ಬಳಿಯಲಾಗದು ಎಂಬುದು ನಮ್ಮ ಕಂಪನಿಯ ಮೊದಲ ಪಾಠ. ಈ ವಿದ್ಯೆಯನ್ನು ಎರಡು ವರ್ಷಗಳಿಂದ ಮೊಬೈಲಿನ ಮೇಲೆ ಪ್ರಯೋಗಿಸುತ್ತ ಬಂದಿದ್ದೇನೆ. ಸಂಜೆ ನಾಲ್ಕಕ್ಕೆ ಟೈಲರ್ ಅಂಗಡಿಯ ಬೆಂಚಿನ ಮೇಲೆ ಕುಳಿತರೆ ಜನ ತಮಗೆ ಬಂದ ಪೋಸ್ಟುಗಳನ್ನು ತರುತ್ತಾರೆ. ನಾನು ಫೋನನ್ನು ಕಿವಿಗೆ ಹಿಡಿದು ನಾಟಕವೋ ನಿಜವೋ ಹೇಳುತ್ತೇನೆ. ಮಕ್ಕಳ ಕಳ್ಳರು ಬಂದರೆಂದು ಅತ್ತವನೊಬ್ಬನ ಅಳು ಗಂಟಲಿನದು, ಹೊಟ್ಟೆಯದಲ್ಲ ಎಂದು ನಾನು ಹೇಳಿದ ಮೂರನೇ ದಿನ, ಅದು ಸುಳ್ಳೆಂದು ಪತ್ರಿಕೆಯಲ್ಲೇ ಬಂತು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಘಟನೆಗೆ ಬನ್ನಿ ಎಂದು ಠಾಣೆಯ ಬರಹಗಾರರು ಹೇಳಿದರು. ಬರುತ್ತಿದ್ದೇನೆ.

ಅಂಗಡಿಯಿಂದ ಅರವತ್ತನಾಲ್ಕು ಹೆಜ್ಜೆ ದೂರದಲ್ಲಿ, ಐವತ್ತೆರಡು ವರ್ಷ ವಯಸ್ಸಿನ ಹೆಂಗಸೊಬ್ಬರು ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬೀದಿಗೆಲ್ಲ ಅವರು ದೊಡ್ಡಮ್ಮ. ಪ್ರತಿ ಶನಿವಾರ ನಾನು ಅಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಹೊರಗೆ ನಿಂತು, ಮಹಾರಾಜರು ಬಂದಿದ್ದಾರೆ, ಕೋಟೆಯ ಬಾಗಿಲು ತೆಗೆಯಿರಿ ಎಂದು ಗರ್ಜಿಸುತ್ತೇನೆ. ನನ್ನ ದನಿ ಕೇಳಿದರೆ ದೊಡ್ಡಮ್ಮ ಕಿಟಕಿಯಲ್ಲಿ ಇಣುಕುವುದೂ ಇಲ್ಲ, ನೇರ ಚಿಲಕ ತೆಗೆಯುತ್ತಾರೆ.

ಕಳೆದ ಗುರುವಾರ ಸಂಜೆ 4.10ಕ್ಕೆ ಟೈಲರ್ ತನ್ನ ಫೋನ್ ತಂದುಕೊಟ್ಟನು. 'ಎಚ್ಚರ ತಾಯಂದಿರೇ' ಎಂಬ ಖಾತೆಯ ಪೋಸ್ಟು, ಹನ್ನೊಂದು ಸೆಕೆಂಡಿನ ವಿಡಿಯೋ. ಮಗುವಿನ ಕೈ ತಿರುಚುವ ರಾಕ್ಷಸಿ ಇವಳು, ಅಳಿಸಿಹಾಕುವ ಮೊದಲೇ ಹಂಚಿ, ಹಂಚದವಳು ತಾಯಿಯೇ ಅಲ್ಲ ಎಂದು ಬರೆದಿರುವುದಾಗಿ ಓದಿ ಹೇಳಿದನು. ಅಷ್ಟು ಅವಸರಪಡಿಸುವ ಮಾತು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಕಥೆ ಸೊರಗಿದ ಕಡೆಯಲ್ಲೇ ಅಲ್ಲವೇ ನಾವು ನಗಾರಿಯನ್ನು ಜೋರಾಗಿ ಬಾರಿಸುತ್ತಿದ್ದುದು.

ಕಣ್ಣು ಮುಚ್ಚಿ ಕೇಳಿದೆ. ಮಗುವಿನ ಅಳು ಹೊಟ್ಟೆಯಿಂದಲೇ ಬಂದಿತ್ತು. ಬೆಂಚಿನಿಂದ ಎದ್ದು, ಕಣ್ಣು ಮುಚ್ಚಿಕೊಂಡೇ, ಕೊನೆಯ ಸಾಲಿನವರಿಗೂ ಕೇಳುವಂತೆ ನುಡಿದೆ:

"ಇದು ನಟನೆ ಅಲ್ಲ, ನೋವು. ಈ ಮಗೂನ ಕಾಪಾಡೋರು ಯಾರೂ ಇಲ್ವಾ?"

ಅಲ್ಲಿದ್ದ ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಟೈಲರ್ ನನ್ನ ಮಾತನ್ನು ಇನ್ನೊಂದು ಫೋನಿನಲ್ಲಿ ಹಿಡಿದು, ಪೋಸ್ಟಿನ ಜೊತೆ ಸೇರಿಸಿ ಎಲ್ಲರಿಗೂ ಕಳಿಸಿದನು.

4.16ಕ್ಕೆ ಕಣ್ಣು ತೆರೆದು ಪರದೆ ನೋಡಿದೆ. ದೊಡ್ಡಮ್ಮ. ಮಗುವಿನ ಕೈ ಹಿಡಿದಿದ್ದರು, ಅವರ ಬೆರಳುಗಳ ನಡುವೆ ಏನೋ ಮಿನುಗಿತು. ಕನ್ನಡಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಇವರೆಂದು ಮೊದಲೇ ಏಕೆ ಹೇಳಲಿಲ್ಲವೆಂದು ಟೈಲರ್‌ನನ್ನು ಕೇಳಿದೆ.

"ಯಾರು ಅಂತ ಹೇಳಿದ್ರೆ ನಿಮ್ಮ ಕಿವಿ ಕೆಡ್ತಿತ್ತು, ಮೇಷ್ಟ್ರೇ."

ಹೋಗಿ ಕೇಳಿ ಬರೋಣವೆಂದು ಒಮ್ಮೆ ಅನ್ನಿಸಿತು. ಆದರೆ ಚಪ್ಪಾಳೆ ಬಿದ್ದ ಮೇಲೆ ರಂಗದಿಂದ ಇಳಿದು ಬಂದು ತಪ್ಪಾಯಿತು ಎನ್ನುವ ರಾಜನ ಪಾತ್ರವನ್ನು ನಾನು ಎಂದೂ ಮಾಡಿದವನಲ್ಲ. ಟೀ ಕುಡಿದೆ. 4.30ಕ್ಕೆ ಮೇಲಿನ ಕೋಣೆಗೆ ಹೋಗಿ ಮಲಗಿದೆ.

5.05ಕ್ಕೆ ಗದ್ದಲ ಕೇಳಿ ಎದ್ದೆ. ಕಿಟಕಿಯಿಂದ ನೋಡಲಾಗಿ, ದೊಡ್ಡಮ್ಮನ ಬಾಗಿಲ ಮುಂದೆ ಸುಮಾರು ನಲವತ್ತು ಜನ. ಯಾರದೋ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಅದರಲ್ಲಿ ನಾನು ಮಾತಾಡುತ್ತಿದ್ದೆ, ಮತ್ತೆ ಮತ್ತೆ. 5.08ಕ್ಕೆ ಬಾಗಿಲು ಒಳಗಿನಿಂದ ತೆರೆಯಿತು. ಇಪ್ಪತ್ತೆರಡು ಮೆಟ್ಟಿಲು ಇಳಿದು ನಾನು ತಲುಪಿದಾಗ 5.11. ಅಷ್ಟರಲ್ಲಿ ದೊಡ್ಡಮ್ಮನ ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ತಿರುಚಿದವರು ಯಾರೆಂದು ನಾನು ಕಾಣಲಿಲ್ಲ. ಒಬ್ಬಾತ ನನ್ನ ಕೈ ಕುಲುಕಿ, ಏನು ದನಿ ಮೇಷ್ಟ್ರೇ ನಿಮ್ಮದು ಎಂದನು. ಒಳಗೆ ಒಂಬತ್ತು ಮಕ್ಕಳು ಮೇಜಿನ ಕೆಳಗೆ ಸೇರಿಕೊಂಡಿದ್ದರು. ಮಕ್ಕಳಿಗೆ ಗಾಯವಿಲ್ಲ.

ಶುಕ್ರವಾರ ಬೆಳಿಗ್ಗೆ ಠಾಣೆಯವರಾದ ತಾವು ಬೀದಿಯವರಿಗೆ ಪೂರ್ತಿ ವಿಡಿಯೋ ತೋರಿಸಿದಿರಿ, ಐವತ್ತೆರಡು ಸೆಕೆಂಡು. ಮಗುವಿನ ತಾಯಿಗೆ ಕಳಿಸಲೆಂದು ಅಲ್ಲಿಯ ಸಹಾಯಕಿ ತೆಗೆದದ್ದು. ಮಗುವಿನ ಅಂಗೈಗೆ ಹೊಕ್ಕ ಮರದ ಸಿಬಿರನ್ನು ದೊಡ್ಡಮ್ಮ ಚಿಮಟದಿಂದ ತೆಗೆದು, ಉಫ್ ಉಫ್ ಎಂದು ಊದುತ್ತಾರೆ. ಮೂವತ್ತನೇ ಸೆಕೆಂಡಿಗೆ ಮಗು ನಗುತ್ತದೆ. ಆ ನಗುವೂ ಹೊಟ್ಟೆಯಿಂದಲೇ ಬಂದದ್ದು. ಅದನ್ನು ಹನ್ನೊಂದು ಸೆಕೆಂಡಿಗೆ ಕತ್ತರಿಸಿದವರು ಯಾರೋ ತಿಳಿಯದು. ಅಳು ಅವರ ಸೃಷ್ಟಿಯಲ್ಲ, ಅದರ ಕೆಳಗಿನ ಸಾಲು ಮಾತ್ರ ಅವರದು. ನಾನು ಅಳುವಿಗೆ ಕಿವಿ ಕೊಟ್ಟು ಸಾಲಿಗೆ ಸಾಕ್ಷಿ ಹೇಳಿದೆ.

ಅದೇ ದಿನ ಮಧ್ಯಾಹ್ನ 3ಕ್ಕೆ ಆಸ್ಪತ್ರೆಗೆ ಹೋದೆ. ಠಾಣೆಗೆ ಫೋನ್ ಮಾಡಿ, ಎರಡೂ ಚಿಲಕ ಹಾಕಿ, ಪೊಲೀಸರು ಬರುವವರೆಗೂ ಬಾಗಿಲು ತೆರೆಯಬಾರದೆಂದು ಕುಳಿತಿದ್ದುದಾಗಿ ದೊಡ್ಡಮ್ಮ ತಿಳಿಸಿದರು. ಮತ್ತೆ ಹೇಳಿದರು:

"ನಿಮ್ಮ ದನಿ ಕೇಳಿಸ್ತು. ನೀವೇ ಕಾಪಾಡೋಕೆ ಬಂದ್ರಿ ಅಂದ್ಕೊಂಡು ಚಿಲಕ ತೆಗೆದೆ, ಮೇಷ್ಟ್ರೇ."

ಆ ದನಿಯನ್ನು ನಿನ್ನೆಯವರೆಗೆ ನಲವತ್ತು ಸಾವಿರ ಜನ ಕೇಳಿದ್ದಾರಂತೆ. ಕಂಪನಿಯ ಅತಿ ದೊಡ್ಡ ಆಟಕ್ಕೆ ಸೇರಿದ್ದವರು ಎಂಟು ನೂರು.

ಬರಹಗಾರರು ನನ್ನನ್ನು ಸಾಕ್ಷಿಗಳ ಪಟ್ಟಿಯಲ್ಲಿ ಬರೆಯುತ್ತಿದ್ದಾರೆ. ಬೇರೆ ಪಟ್ಟಿಗೆ ಸೇರಿಸಬೇಕೆಂದು ಕೋರಿದ್ದೇನೆ. ಅದನ್ನು ಕಾನೂನು ನೋಡಿಕೊಳ್ಳುತ್ತದೆ ಎಂದರು.

ಬರೆದದ್ದನ್ನು ಓದಿ ಹೇಳುತ್ತೇವೆ, ಕೇಳಿ ಸಹಿ ಮಾಡಿ ಎಂದರು. ಕೇಳಲು ಒಪ್ಪಲಿಲ್ಲ. ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ನನ್ನ ಕಣ್ಣಿನಿಂದಲೇ ಓದಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: ಘಟನೆಯ ನಂತರದ ಸೋಮವಾರ, ಬೆಳಿಗ್ಗೆ 11.40
ಸಹಿ: ಗಂಟೆ ಮೇಷ್ಟ್ರು