ಸೇನಾಪತಿಯ ಕಲ್ಲಿನ ಮೇಲೆ ಅತ್ತಿಗೆಯ ಹೆಸರು

ಹೆದ್ದಾರಿ ಪಕ್ಕದ ಬಾವಿ ದಾಟುವಾಗ ರಾತ್ರಿ ಹನ್ನೊಂದೂವರೆ. ಗಾಳಿ ಇರಲಿಲ್ಲ. ಆದರೂ ರಾಟೆ ತಿರುಗಿತು... ಕಿರ್ರ್... ನಿಂತಿತು. ಮತ್ತೆ ಕಿರ್ರ್.

ಇನ್ನೊಬ್ಬನಾಗಿದ್ದರೆ ಅಲ್ಲಿಂದಲೇ ಕಾಲಿಗೆ ಬುದ್ಧಿ ಹೇಳುತ್ತಿದ್ದ. ನಾನಂತೂ ಹೇಳುತ್ತಿದ್ದೆ, ಅದರಲ್ಲೇನು ಮುಚ್ಚುಮರೆ! ನಮ್ಮ ದೊಡ್ಡಮ್ಮನ ಮಗ ಓಡಲಿಲ್ಲ. ಧೈರ್ಯವಂತ ಅಂತಲ್ಲ. ನಾಲ್ಕು ತಿಂಗಳಿಂದ ಅವನಿಗೆ ಹೆದರಿಕೆಯೂ ಆಗುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಅಂಗಿ ಬದಲಿಸಿ ಅವತ್ತೇ ಕೆಲಸಕ್ಕೆ ಹೋಗಿದ್ದ. ಒಂದು ಹನಿ ಕಣ್ಣೀರಿಲ್ಲ. ಕಲ್ಲು ಕೆತ್ತಿ ಕೆತ್ತಿ ಇವನೂ ಕಲ್ಲಾದ ಅಂತ ಬೀದಿಯವರು ಆಡಿಕೊಂಡರು.

ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ಅವನ ಕಸುಬು. ಎಲ್ಲರೂ ಕರೆಯುವುದು ಉಳಿಯಣ್ಣ ಅಂತ. ಯಾರು ಸತ್ತರೂ ಹೆಸರು ಕೆತ್ತಲು ಇವನೇ ಬೇಕು. ಅತ್ತಿಗೆಯ ಕಲ್ಲು ಮಾತ್ರ ಅಂಗಳದ ಗೋಡೆಗೆ ಒರಗಿಕೊಂಡು ಬೋಳಾಗಿ ನಿಂತಿತ್ತು. ಕೇಳಿದರೆ "ನಾಳೆ ನೋಡೋಣ ಬಿಡು" ಅನ್ನುತ್ತಿದ್ದ. ಅವಳ ಹೆಸರು ಬರೆದ ಕಾಗದ ನಾಲ್ಕು ತಿಂಗಳು ಅವನ ಜೇಬಿನಲ್ಲೇ ಓಡಾಡಿತು.

ಎಡವಟ್ಟಾದದ್ದು ಆ ಕಾಗದದಿಂದಲೇ. ಕೆತ್ತುವವರು ಮೊದಲು ಕಾಗದದ ಮೇಲೆ ಅಕ್ಷರ ಬರೆದುಕೊಳ್ಳುತ್ತಾರೆ. ಅದನ್ನು ಕಲ್ಲಿಗೆ ಅಂಟಿಸಿ, ಕಾಗದದ ಮೇಲೆಯೇ ಉಳಿ ಇಟ್ಟು ಹೊಡೆಯುತ್ತಾರೆ. ಹೊಡೆಯುವಾಗ ಓದುವುದಿಲ್ಲ, ಗೆರೆ ಮಾತ್ರ ನೋಡುವುದು. ಓದುತ್ತಾ ಕೂತರೆ ಕೈ ತಪ್ಪುತ್ತದೆ ಅಂತ ಅವನೇ ನನಗೆ ಹೇಳಿದ್ದ.

ಹೆದ್ದಾರಿಯ ಪಕ್ಕ ಒಂದು ಸ್ಮಾರಕ ಇತ್ತು. ಹಿಂದೆಂದೋ ಯುದ್ಧದಲ್ಲಿ ಒಬ್ಬ ಸೇನಾಪತಿ ತನ್ನ ಹದಿನೆಂಟು ಸೈನಿಕರ ಜೊತೆ ಬಿದ್ದು ಸತ್ತ ಜಾಗ. ಲಾರಿಯೊಂದು ಗುದ್ದಿ ಹಳೇ ಕಲ್ಲು ಎರಡು ಹೋಳಾಗಿತ್ತು. ಹೊಸದು ಕೆತ್ತುವ ಕೆಲಸ ಇವನಿಗೆ ಬಂತು. 'ಈ ಸ್ಥಳದಲ್ಲಿ ಹೋರಾಡುತ್ತಾ ಮಡಿದವರು' ಅಂತ ಮೇಲೆ, ಕೆಳಗೆ ಹೆಸರು. ಹೆಸರಿನ ಸಾಲು ಮುಗಿಸಿ, ಓದಿಯೂ ನೋಡದೆ ಕಲ್ಲಿಗೆ ಗೋಣಿತಾಟು ಹೊದಿಸಿ ಬಂದು ಮೂರು ದಿನವಾಗಿತ್ತು. ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಸಾಹೇಬರು ಬಂದು ಅದನ್ನು ಸರಿಸುವವರಿದ್ದರು.

ಆ ರಾತ್ರಿ ಅಂಗಿ ನೆನೆಹಾಕುವಾಗ ಜೇಬಿನಿಂದ ಒಂದು ಕಾಗದ ಬಿತ್ತು. ಬಿಡಿಸಿ ನೋಡಿದ. ಸೇನಾಪತಿಯ ಹೆಸರು.

ಹಾಗಾದರೆ ಕಲ್ಲಿನ ಮೇಲೆ...?

ಕಾಗದ ಜೇಬಿಗೆ ಸೇರಿಸಿ, ಉಳಿ, ಸುತ್ತಿಗೆ, ಅಂಟು, ಟಾರ್ಚು ಚೀಲಕ್ಕೆ ಹಾಕಿಕೊಂಡು ಹೊರಟ. ಎದೆ ಕೂಡ ಹೊಡೆದುಕೊಳ್ಳಲಿಲ್ಲವಂತೆ. ನಲ್ಲಿ ನಿಲ್ಲಿಸಲು ಮರೆತವನು ಎದ್ದು ಹೋಗುತ್ತಾನಲ್ಲ, ಹಾಗೆ ಹೋದ.

ಗೋಣಿತಾಟು ಕಲ್ಲಿನ ಮೇಲಿರಲಿಲ್ಲ. ಕೆಳಗೆ ನೀಟಾಗಿ ಮಡಿಸಿಟ್ಟಿತ್ತು. ಟಾರ್ಚು ಬಿಟ್ಟ. ಅತ್ತಿಗೆಯ ಹೆಸರು... ಒಂದು ಗೆರೆಯೂ ಆಚೀಚೆ ಇಲ್ಲ.

"ಮೆಲ್ಲಗೆ," ಅಂದಿತು ಒಂದು ಗಂಡು ದನಿ. "ನಮ್ಮ ಹುಡುಗ್ರು ಈಗ ತಾನೇ ಮಲಗಿದ್ದಾರೆ."

ಕಲ್ಲಿನ ಪಕ್ಕ ಯಾರೋ ಕೂತಿದ್ದರು. ಟಾರ್ಚು ಅತ್ತ ತಿರುಗಿಸಿದ. ಬೂಟು ಹಾಕಿದ ಕಾಲು ಮೊಣಕಾಲಿನವರೆಗೆ ಕಂಡಿತು. ಅದರ ಮೇಲೆ ಬೆಳಕು ಹತ್ತಲಿಲ್ಲ.

"ಯಾರು?"

"ನನ್ನ ಹೆಸರು ನಿನ್ನ ಜೇಬಲ್ಲಿದೆ."

ಉಳಿಯಣ್ಣ ಜೇಬು ಮುಟ್ಟಿ ನೋಡಿಕೊಂಡ. "ತಪ್ಪಾಯ್ತು ಸ್ವಾಮಿ. ಈಗ್ಲೇ ಸರಿ ಮಾಡ್ತೀನಿ."

"ನನಗೇನೂ ಅವಸರ ಇಲ್ಲ. ಆ ತಾಯಿನ ಕೇಳು. ಮೂರು ರಾತ್ರಿ ಆಯ್ತು ಇಲ್ಲಿಗೆ ಬಂದು."

ಆಗ ಕಲ್ಲಿನ ಹಿಂದೆ ಕೆಮ್ಮು ಕೇಳಿಸಿತು. ಖೊಕ್... ಖೊಕ್... ಸ್ವಲ್ಪ ಬಿಟ್ಟು ಇನ್ನೊಂದು, ಸಣ್ಣದು. ಒಂದು ವರ್ಷ ಪಕ್ಕದ ಹಾಸಿಗೆಯಿಂದ ಕೇಳಿದ ಕೆಮ್ಮು.

"ನೀನಾ?" ಅಂದ.

"ಹ್ಞೂಂ."

"ಇಲ್ಲಿಗ್ಯಾಕೆ ಬಂದೆ?"

"ಮತ್ತೆಲ್ಲಿಗೆ ಹೋಗ್ಲಿ ರೀ? ನನ್ನ ಹೆಸರಿರೋದು ಇದೊಂದೇ ಕಡೆ."

"ಚಳಿ ಆಗ್ತಿದ್ಯಾ?" ಅಂತ ಕೇಳಿದ.

"ಚಳಿ ಏನಿಲ್ಲ. ನಿದ್ದೆ ಇಲ್ಲ ಅಷ್ಟೇ. ಈ ಹುಡುಗ್ರು ರಾತ್ರಿಯೆಲ್ಲ ನೀರು ನೀರು ಅಂತಾರೆ. ಪಾಪ, ಗಾಯ ಆದವರು. ಬಾವಿ ನೀರು ಸೇದಿ ಸೇದಿ ಕೈ ಸೋತುಹೋಯ್ತು." ಒಂದು ಸಲ ಕೆಮ್ಮಿದಳು. "ಊಟ ಮಾಡಿದ್ರಾ?"

"ಹ್ಞೂಂ."

"ಸುಳ್ಳು." ಖೊಕ್... "ಅದನ್ನ ಅಳಿಸಿಬಿಡಿ."

"ಅಳಿಸಿದ್ರೆ... ನೀನು?"

"ಅದನ್ನ ನೀವು ಹೇಳ್ಬೇಕು."

ಎತ್ತಿದ ಉಳಿ ಕೆಳಗಿಳಿಸಿದನಂತೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಹೆದರಿಕೆ ಆಗಿ. ಅಳಿಸಿದರೆ ಅವಳು ಹೋಗುತ್ತಾಳೆ, ಆ ಕೆಮ್ಮೂ ಹೋಗುತ್ತದೆ. ಬಿಟ್ಟರೆ ದಿನಾ ರಾತ್ರಿ ಬಂದು ಕೇಳಿಕೊಂಡು ಹೋಗಬಹುದು. ಕಲ್ಲನ್ನೇ ಹೊತ್ತುಕೊಂಡು ಹೋಗಿ ಎಲ್ಲಾದರೂ ಬಚ್ಚಿಡೋಣ ಅಂತಲೂ ಅನ್ನಿಸಿತಂತೆ. ಆರು ಜನ ಸೇರಿ ಇಳಿಸಿದ ಕಲ್ಲು! ನಗಬೇಡಿ, ಅವನು ಹೇಳಿದ್ದನ್ನು ಹೇಳುತ್ತಿದ್ದೇನೆ.

"ನಾಳೆ ನೋಡೋಣ ಅನ್ಬೇಡಿ," ಅಂದಳು. ಪಿಸುಮಾತು. "ನಂಗೆ ಸಾಕಾಗಿದೆ."

ಉಳಿ ಇಟ್ಟ. ಟಣ್... ಟಣ್... ಮೊದಲ ಅಕ್ಷರ ಹೋಯಿತು. ಕೆಮ್ಮು ರಸ್ತೆಯಾಚೆಯಿಂದ ಬಂತು. ಎರಡನೆಯದು ಹೋಯಿತು. ಬಾವಿಯ ಕಡೆಯಿಂದ ಬಂತು. ಕೊನೆಯ ಅಕ್ಷರದ ಮೇಲೆ ಉಳಿ ಇಟ್ಟು ತುಂಬಾ ಹೊತ್ತು ಕಾದ. ಆಮೇಲೆ ಹೊಡೆದ.

ಏನೂ ಕೇಳಿಸಲಿಲ್ಲ.

ಆ ಸಾಲಿನ ಜಾಗವನ್ನು ಒಂದು ಬೆರಳಿನಷ್ಟು ಆಳಕ್ಕೆ ಕೆತ್ತಿ ತೆಗೆದು ಸಪಾಟು ಮಾಡಿದ. ಸೇನಾಪತಿಯ ಕಾಗದ ಅಂಟಿಸಿ ಕೆತ್ತಿದ. ಈ ಸಲ ಓದಿಕೊಂಡೇ ಕೆತ್ತಿದನಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂಬತ್ತಕ್ಕೆ ಸಾಹೇಬರು ಬಂದರು, ಚೆನ್ನಾಗಿದೆ ಅಂದರು, ಫೋಟೋ ತೆಗೆಸಿಕೊಂಡು ಹೋದರು.

ಉಳಿಯಣ್ಣ ಅಲ್ಲಿರಲಿಲ್ಲ. ಬೆಳಗಾಗುವುದರೊಳಗೆ ಮನೆಗೆ ಬಂದು ಅಂಗಳದ ಕಲ್ಲಿನ ಮುಂದೆ ಕೂತುಬಿಟ್ಟಿದ್ದ. ಕಾಗದವಿಲ್ಲದೆ, ನೇರವಾಗಿ ಕಲ್ಲಿನ ಮೇಲೆ ಹೊಡೆಯುತ್ತಿದ್ದ. ನಾನು ಹೋದಾಗ ಹೆಸರಿನ ಅರ್ಧ ಆಗಿತ್ತು. ಅಳುತ್ತಿದ್ದನೇ? ಇಲ್ಲ. ಸುಳ್ಳು ಯಾಕೆ ಹೇಳಲಿ? ರಾತ್ರಿಯದ್ದೆಲ್ಲ ಬಸ್ಸು ತಪ್ಪಿಹೋಯಿತು ಅನ್ನುವ ಹಾಗೆ ಹೇಳಿದ, ತಲೆ ಎತ್ತಲಿಲ್ಲ.

"ಸಂಜೆ ನಾಲ್ಕು ಜನ ಬೇಕು ಕಣೋ," ಅಂದ. "ಇವತ್ತೇ ನಿಲ್ಲಿಸ್ಬೇಕು."

ಅತ್ತಿಗೆಯನ್ನು ಮಣ್ಣು ಮಾಡಿದ ಕಡೆ ನಿಲ್ಲಿಸಿದೆವು. ಬುಡಕ್ಕೆ ಸಿಮೆಂಟು ಹಾಕಿ, ಸುತ್ತ ಮಣ್ಣು ಹರಡಿ, ನಾನೇ ನನ್ನ ಕೈಯಾರೆ ಹಲಗೆ ಎಳೆದು ಮಟ್ಟ ಮಾಡಿದೆ.

ಮಾರನೇ ಬೆಳಗ್ಗೆ ಸಿಮೆಂಟಿಗೆ ನೀರುಣಿಸಲು ಇಬ್ಬರೂ ಹೋದೆವು. ಕಲ್ಲಿನ ಸುತ್ತ ಆ ಮೆತ್ತನೆ ಮಣ್ಣಿನಲ್ಲಿ ಬೂಟಿನ ಗುರುತು. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಜೊತೆ ಜೊತೆಯಾಗಿ, ಪಕ್ಕಪಕ್ಕ, ರಾತ್ರಿಯೆಲ್ಲ ಒಂದೇ ಕಡೆ ನಿಂತ ಹಾಗೆ ಆಳವಾಗಿ ಒತ್ತಿದ್ದವು. ಅಣ್ಣ ಕೊಡ ಕೆಳಗಿಟ್ಟು, ಮಣ್ಣು ತುಳಿಯದೆ ಆಚೆಯೇ ಕೂತ. ಅವನ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ.

ನಂಬದಿದ್ದರೆ ಬಿಡಿ. ನಾನು ಸುತ್ತು ಹಾಕಿ ಎಣಿಸಿದವನು. ಹತ್ತೊಂಬತ್ತು ಜೊತೆ. ಒಂದರ ತುದಿಯೂ ಕಲ್ಲಿನ ಕಡೆಗಿರಲಿಲ್ಲ, ಎಲ್ಲವೂ ಹೊರಗೆ ಮುಖ ಮಾಡಿದ್ದವು.