ಮೂಗುಬೊಟ್ಟು ತೆಗೆದ ಮೇಲೆ

ಹೊಸಕೋಟೆ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿಯೂ ಅವಳ ಚಿಕ್ಕಮ್ಮನೂ ಕೂತಿದ್ದರು. ಚಿಕ್ಕಮ್ಮ ಕೇಳುತ್ತಿದ್ದಳು:

“ಇಂಟರ್‌ವ್ಯೂಲೇ ಮೂಗುಬೊಟ್ಟು ತೆಗ್ಸಿದ್ರಾ?”

“ಹೂಂ. ಫ್ಯಾಕ್ಟರಿ ಒಳಗೆ ಚಿನ್ನ ಗಿನ್ನ ಹಾಕ್ಕೊಂಡಿರಂಗಿಲ್ವಂತೆ. ‘ಸೆಲೆಕ್ಟ್ ಆಗಿದೀರ, ಕೆಲ್ಸಕ್ಕೂ ಹಿಂಗೇ ಬನ್ನಿ, ಫೋನ್ ಮಾಡ್ತೀವಿ’ ಅಂದ್ರು.”

“ಅಂದಿದ್ದು ಯುಗಾದೀಲಿ. ಈಗ ಗೌರಿಹಬ್ಬ ಬಂತು.”

“ನಾನು ಕಳ್ಸಿದ ಮೆಸೇಜ್ ನೋಡವ್ರೆ ಚಿಕ್ಕಮ್ಮ. ಉತ್ರ ಇಲ್ಲ.”

“ತೂತಿಗೆ ಬೇವಿನ ಕಡ್ಡಿನಾದ್ರೂ ಸಿಕ್ಕಿಸ್ಕೋಬಾರ್ದಿತ್ತೇನೇ?”

“ನಾಳೆನೇ ಕರೀತಾರೆ ಅನ್ಕೊಂಡಿದ್ದೆ. ಮುಚ್ಕೊಂಡ್ಬಿಡ್ತು.”

“ಬೋಳು ಮೂಗಲ್ಲಿ ಹಬ್ಬ ಮಾಡ್ತೀಯಾ? ಆಚಾರಿ ಹೊಸ್ದಾಗಿ ಚುಚ್ತಾನೆ, ನಡಿ.”

“ಚುಚ್ಚಿಸ್ಕೊಂಡ್ರೆ ಗಾಯ ಮಾಯೋವರ್ಗೂ ತೆಗೆಯಂಗಿಲ್ಲ. ಅಷ್ಟರಲ್ಲಿ ಅವ್ರು ಕರೆದ್ರೆ ಕೆಲ್ಸ ಹೋಗುತ್ತೆ.”

“ಯಾವ ಕೆಲ್ಸನೇ ತಾಯಿ?”

ಹುಡುಗಿ ಬ್ಯಾಗಿನಿಂದ ಫೋನು ತೆಗೆದಳು.

“ಇದೊಂದ್ಸಲ ಫೋನ್ ಮಾಡಿ ನೋಡ್ಲಾ?”

“ಮಾಡು.”

ರಿಂಗಾಗುವುದು ನನಗೂ ಕೇಳಿಸಿತು. ಯಾರೂ ಎತ್ತಲಿಲ್ಲ. ಅದು ತಾನಾಗಿಯೇ ನಿಂತಿತು.

“ಏಳು ಶಶಿ. ಆಚಾರಿ ಊಟಕ್ಕೆ ಬಾಗ್ಲು ಹಾಕ್ಬಿಡ್ತಾನೆ.”

“ತುಂಬಾ ನೋಯುತ್ತಾ ಚಿಕ್ಕಮ್ಮ?”

“ಎರಡನೇ ಸಲ ಜಾಸ್ತಿನೇ ಕಣೇ.”

ಇಬ್ಬರೂ ಎದ್ದು ಪೇಟೆ ಬೀದಿಯ ಕಡೆ ನಡೆದರು. ಫೋನು ಹುಡುಗಿಯ ಕೈಯಲ್ಲೇ ಇತ್ತು.