ಮಾದರಿ ಪಾಠದ ದಡ್ಡ ಹುಡುಗ

ಸಭೆಯ ಅಧ್ಯಕ್ಷತೆ ವಹಿಸಿ, ತಾವು ಕಡಿಮೆ ಮಾತಾಡಿ ನನಗೂ ಸ್ವಲ್ಪ ಹೊತ್ತು ಉಳಿಸಿಕೊಟ್ಟ ಉಚ್ಚಂಗೆಪ್ಪನವರೇ, ವೇದಿಕೆಯ ಅತಿಥಿಗಳೇ, ಕೂಡ್ಲಿಗಿ, ಹಡಗಲಿ, ಕೊಟ್ಟೂರು ಕಡೆಯಿಂದ ಭಾನುವಾರದ ನಿದ್ದೆ ಬಿಟ್ಟು ಹರಪನಹಳ್ಳಿಗೆ ಬಂದ ಶಿಕ್ಷಕ ಬಂಧುಗಳೇ, ಅಡುಗೆಯ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿ ಕೂತಿರುವ ಸಭಿಕರೇ,

ಬ್ಲಾಗಿಗೂ ಉದ್ಘಾಟನೆ ಉಂಟೇ? ಬೇಡ ಎಂದೆ. ನಮ್ಮ ಬಳಗದವರು ಕೇಳಲಿಲ್ಲ. ದೀಪ ಹಚ್ಚಿಸಿದ್ದೀರಿ, ಲ್ಯಾಪ್‌ಟಾಪಿಗೆ ಹಾರ ಹಾಕಿದ್ದೀರಿ. ಆ ಹಾರ ತೆಗೆಯದೆ ಯಾವ ಬಟನ್ ಒತ್ತುವುದೋ ನನಗಂತೂ ತಿಳಿಯದು.

ಇಷ್ಟು ವರ್ಷ ಸುತ್ತಲ ತಾಲ್ಲೂಕುಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಟ್ಟ ಯಶೋಧಾ ಮೇಡಂ ಇನ್ನು ಜಗತ್ತಿಗೇ ಕೊಡಲು ಹೊರಟಿದ್ದಾರೆ ಎಂದು ಅಧ್ಯಕ್ಷರು ಹೊಗಳಿದರು. ದೊಡ್ಡ ಮಾತು. ನಿಜ ಅಷ್ಟು ದೊಡ್ಡದಲ್ಲ. ತರಬೇತಿಯ ಕೋಣೆಯಲ್ಲಿ ನಿಲ್ಲುವುದು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ಯಾಕೆ ಆಗುತ್ತಿಲ್ಲ? ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ.

ತರಬೇತಿಯಲ್ಲಿ ಮಾದರಿ ಪಾಠ ಅಂತ ಒಂದು ಇರುತ್ತದೆ. ನಾನು ಟೀಚರು, ನೀವೆಲ್ಲ ನಾಲ್ಕನೇ ಕ್ಲಾಸಿನ ಮಕ್ಕಳು. ಮೀಸೆ ಹೊತ್ತ ಮಕ್ಕಳು, ಮೊಮ್ಮಕ್ಕಳಿರುವ ಮಕ್ಕಳು. ಆದರೆ ಒಂದು ತೊಂದರೆ. ತಪ್ಪು ಹೇಳಲು ಯಾರೂ ತಯಾರಿಲ್ಲ. ಪಕ್ಕದವರು ನಕ್ಕಾರು ಎಂಬ ಹೆದರಿಕೆ. ತಪ್ಪೇ ಮಾಡದ ಮಕ್ಕಳಿಗೆ ಟೀಚರು ಯಾಕೆ ಬೇಕು ಹೇಳಿ? ಆಗ ನನ್ನ ಕೈಹಿಡಿದವರು, ನೀವೆಲ್ಲ ಹುಲುಗೇಶ್ ಮೇಷ್ಟ್ರು ಎಂದು ಕರೆಯುವ ನಮ್ಮ ಮನೆಯವರು. ತೆಲಿಗಿ ಶಾಲೆಯಲ್ಲಿ ಗಣಿತ ಹೇಳುವವರು, ತರಬೇತಿಗೆ ನನ್ನ ಜೊತೆ ಬಂದು ಹಿಂದಿನ ಸಾಲಿನಲ್ಲಿ ದಡ್ಡ ಹುಡುಗನಾಗಿ ಕೂರುತ್ತಿದ್ದರು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಕಿರುಬೆರಳೆತ್ತಿ, "ಮೇಡಂ, ಒಂದಕ್ಕ ಹೋಗಿ ಬರ್ತೀನ್ರಿ" ಎಂದರೆ ಕೋಣೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನಕ್ಕ ಮೇಲೆ ನಿಮ್ಮ ಬಾಯಿಯೂ ಬಿಚ್ಚುತ್ತಿತ್ತು. ಪಾಠ ನಾನು ಮಾಡಿದೆ ಎಂದುಕೊಂಡಿರಿ. ಅದನ್ನು ನಡೆಸಿದವರು ಅವರು.

ಕೊಟ್ಟೂರಿನ ತರಬೇತಿಯಲ್ಲಿ ಇದ್ದವರು ಇಲ್ಲಿ ಎಷ್ಟು ಜನ? ಬೇಡ, ಕೈ ಎತ್ತಬೇಡಿ.

ಅವತ್ತು ನಾನು ಮೇಜಿನ ಮೇಲೆ ಒಂದು ಬದನೆಕಾಯಿ ಇಟ್ಟೆ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನಮ್ಮವರು ಎದ್ದು ನಿಂತರು. ಬದನೆಕಾಯಿ ನೋಡಿದರು, ನನ್ನನ್ನು ನೋಡಿದರು. "ತ... ತ..." ಎಂದರು. ನೀವು ನಕ್ಕಿರಿ. ಕನ್ನಡದಾಗ ಹೇಳಪ್ಪಾ ಎಂದೆ. ಕನ್ನಡದಲ್ಲೂ ಬರಲಿಲ್ಲ. ಇನ್ನೂ ನಕ್ಕಿರಿ. ಬಾಯಿ ಒಂದು ಕಡೆಗೆ ವಾಲಿತು. ಆಹಾ, ಏನು ನಟನೆ ಎಂದು ಯಾರೋ ಚಪ್ಪಾಳೆ ಶುರು ಮಾಡಿದರು. ನಾನೂ ತಟ್ಟಿದೆ. "ನೋಡ್ರಿ, ಇಂಥ ಮಗುವಿಗೆ ನೀವು ಹೆಂಗೆ ಕಲಿಸ್ತೀರಿ?" ಎಂದು ಕೇಳಿ ಮುಂದಿನ ಸಾಲಿಗೆ ಹೋದೆ. ಅವರು ಕೂರಲಿಲ್ಲ. ನಾನು ಹೋದ ಕಡೆಯೆಲ್ಲ ಅವರ ಕಣ್ಣು ನನ್ನ ಹಿಂದೆ ಬರುತ್ತಿತ್ತು. ಪಾತ್ರ ಬಿಡಲೊಲ್ಲರು ಎಂದುಕೊಂಡೆ. ಹೆಮ್ಮೆ ಕೂಡ ಆಯಿತು, ಸುಳ್ಳು ಯಾಕೆ ಹೇಳಲಿ.

ಪಾಠ ಮುಗಿದು ಚಹಾ, ಮಂಡಕ್ಕಿ, ಮಿರ್ಚಿ ಬಂತು. ಅವರ ಬಲಗೈಯಿಂದ ಲೋಟ ಜಾರಿ ಬಿತ್ತು. ಅದಕ್ಕೂ ನಗು. "ಸಾಕ್ ಬಿಡ್ರಿ ಸರ, ಪಾಠ ಮುಗೀತು" ಎಂದು ನಮ್ಮ ಬಳಗದ ಅರುಣಕುಮಾರ್ ಹೆಗಲು ಹಿಡಿದ ಮೇಲೆಯೇ ತಿಳಿದದ್ದು. ಲಕ್ವ ಹೊಡೆದಿತ್ತು. ದಾವಣಗೆರೆ ಆಸ್ಪತ್ರೆಗೆ ಕಾರು ಓಡಿಸಿದವರೂ ಅರುಣಕುಮಾರ್ ಅವರೇ. ಇನ್ನೂ ಸ್ವಲ್ಪ ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ನಾವು ಯಾಕೆ ತಡ ಮಾಡಿದೆವು? ಏನಂತ ಹೇಳಲಿ ಅವರಿಗೆ? ಚಪ್ಪಾಳೆ ತಟ್ಟುತ್ತಿದ್ದೆವು ಎನ್ನಲೇ?

ನಿಮ್ಮನ್ನು ದೂರಲು ಈ ಮೈಕು ಹಿಡಿದಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಕಾಣದ್ದು ನಿಮಗೆ ಹೇಗೆ ಕಂಡೀತು? ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಮತ್ತೊಂದು ತರಬೇತಿಗೆ ಹೋದೆ. ಹಿಂದಿನ ಸಾಲಿನಲ್ಲಿ ಯಾರೂ ಕೂರಲಿಲ್ಲ. ದಿನವಿಡೀ ಯಾರೂ ತಪ್ಪು ಹೇಳಲಿಲ್ಲ, ಯಾರೂ ನಗಲಿಲ್ಲ. ನನ್ನ ಜೊತೆ ತರಬೇತಿ ಕೊಡುತ್ತಿದ್ದ ನಾಗಕ್ಕ ಮೇಡಂ ನನ್ನ ಚೀಲ ಎತ್ತಿಕೊಂಡು, "ಮನಿಗೆ ನಡೀ ಯಶೋಧಾ, ಸಾಕು" ಎಂದರು. ಅವತ್ತಿಗೆ ಮುಗಿಯಿತು.

ಈಗ ಮನೆಯೇ ಶಾಲೆ. ಚಮಚ ತೋರಿಸುತ್ತೇನೆ, ಬಾಚಣಿಗೆ ತೋರಿಸುತ್ತೇನೆ. ಕೆಲವು ದಿನ ಒಂದು ಮಾತು ಬರುತ್ತದೆ. ಕೆಲವು ದಿನ ಕಣ್ಣೀರು ಬರುತ್ತದೆ. ನೋಡಲು ಬಂದವರು ಕೆಲವರು ಈಗಲೂ ಅವರ ತೊದಲಿಗೆ ಹಳೇ ಅಭ್ಯಾಸದಿಂದ ನಕ್ಕುಬಿಡುತ್ತಾರೆ, ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಅವರು ಹೊರಗೆ ಬರುವುದನ್ನೇ ಬಿಟ್ಟಿದ್ದರು. ಬ್ಲಾಗಿನಲ್ಲಿ ನಾನು ಬರೆಯುವುದು ಇದನ್ನೇ. ಮಾತು ಬಾರದವರ ಮುಂದೆ ಟೀಚರು ಹೇಗೆ ಕೂರಬೇಕು ಎಂಬುದನ್ನು. ನನಗೂ ಅದು ಈಗೀಗ ತಿಳಿಯುತ್ತಿದೆ.

ಬಟನ್ ಒತ್ತುವವಳು ನಾನಲ್ಲ. ಅವರು ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಅರುಣಕುಮಾರ್ ಪಕ್ಕ ಕೂತಿದ್ದಾರೆ. ತಮ್ಮ ಹೆಸರು, ತಮ್ಮ ಶಾಲೆಯ ಹೆಸರು, ಎರಡೇ ಎರಡು ಈ ಮೈಕಿನಲ್ಲಿ ಹೇಳಬೇಕೆಂದು ಹಟ ಹಿಡಿದಿದ್ದಾರೆ. ನಿನ್ನೆ ಬಂತು. ಇವತ್ತು ಬೆಳಿಗ್ಗೆ ಬರಲಿಲ್ಲ. ಬೇಡ, ಮನೆಯಲ್ಲೇ ಇರಿ ಎಂದೆ. ಇಸ್ತ್ರಿ ಅಂಗಿ ತೊಟ್ಟು ಬಂದು ಬಾಗಿಲಲ್ಲಿ ಕೂತರು.

ಆದ್ದರಿಂದ ಒಂದು ಬೇಡಿಕೆ. ಮಾತು ತಡವಾದರೆ ನೀವು ತುಂಬಿಕೊಡಬೇಡಿ. ಪಾಪ ಎನ್ನಬೇಡಿ. ಅನ್ನ ಆರಿದರೆ ಆರಲಿ. ಕೊನೆಗೂ ಬಾರದಿದ್ದರೆ ಅವರಾಗಿ ಕೆಳಗಿಳಿಯುವವರೆಗೆ ಹೀಗೇ ಕೂತಿರಿ. ಕೊಟ್ಟೂರಿನಿಂದೀಚೆಗೆ ಅವರು ನಕ್ಕಿಲ್ಲ. ಇವತ್ತು ಅವರು ಮೊದಲು ನಕ್ಕರೆ ಮಾತ್ರ ನಾವು ನಗೋಣ.

ಕರೆದವರಿಗೆ, ಕೇಳಿದವರಿಗೆ ನಾನು ಋಣಿ. ಗಂಡನನ್ನು ಹತ್ತು ಜನರ ಮುಂದೆ ಹೆಸರು ಹಿಡಿದು ಕರೆದವಳಲ್ಲ ನಾನು. ಹುಲುಗೇಶ್ ಮೇಷ್ಟ್ರೇ, ಮ್ಯಾಲೆ ಬರ್ರಿ. ಎಲ್ಲರಿಗೂ ನಮಸ್ಕಾರ.